ಕಾಣದ ಹರಿವಿನ ಚಿತ್ರ

ನಮ್ಮ ಪ್ರಯೋಗಾಲಯದ ಗೋಡೆಯ ಮೇಲೆ ಕಳೆದ ಒಂದು ವರ್ಷದಿಂದ ಒಂದು ಚಿತ್ರ ಅಂಟಿಕೊಂಡಿದೆ. ಕಡುನೀಲಿ ಹಿನ್ನೆಲೆ, ನಡುವೆ ಅಗಲವಾದ ಒಂದು ಪಟ್ಟಿ, ಆ ಪಟ್ಟಿಯ ಎಡ ಅಂಚಿನುದ್ದಕ್ಕೂ ಕೆಂಡದ ಬಣ್ಣದ ಒಂದು ಗೆರೆ. ಕೆಳಗೆ ಶೀರ್ಷಿಕೆ: ‘ಅತಿವಾಹಕದ ಅಂಚಿನಲ್ಲಿ ಹರಿಯುತ್ತಿರುವ ವಿದ್ಯುತ್ ಪ್ರವಾಹ’. ಅದನ್ನು ತೆಗೆದವಳು ನಾನು. ಲ್ಯಾಬ್ ನೋಡಲು ಬರುವ ಕಾಲೇಜು ಹುಡುಗರು ಅಲ್ಲಿ ನಿಂತು, ‘ಕರೆಂಟು ಕಣ್ಣಿಗೆ ಕಾಣುತ್ತಾ ಮೇಡಂ?’ ಎಂದು ಕೇಳುತ್ತಾರೆ. ಮೊದಮೊದಲು ‘ಹೂಂ, ಇಲ್ಲಿ ಕಾಣ್ತಿದೆಯಲ್ಲ’ ಎನ್ನುತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೆ ಉತ್ತರ ಹೇಳಲು ನನಗೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಷಯವೇನೆಂದು ಹೇಳಬೇಕು. 1911ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಕ್ಯಾಮರ್ಲಿಂಗ್ ಓನ್ಸ್ ಪಾದರಸವನ್ನು ಸುಮಾರು 4.2 ಕೆಲ್ವಿನ್‌ಗೆ, ಅಂದರೆ ಮೈನಸ್ 269 ಡಿಗ್ರಿಗೆ ತಂಪು ಮಾಡಿದಾಗ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಇಲ್ಲವಾಯಿತು. ಅಂಥ ವಸ್ತುಗಳಿಗೆ ಅತಿವಾಹಕ ಎಂದು ಹೆಸರು. 1933ರಲ್ಲಿ ಬರ್ಲಿನ್‌ನಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಇನ್ನೊಂದು ಗುಣ ಕಂಡುಹಿಡಿದರು: ಅತಿವಾಹಕ ತನ್ನ ಒಡಲೊಳಗಿಂದ ಕಾಂತಕ್ಷೇತ್ರವನ್ನು ಹೊರದಬ್ಬುತ್ತದೆ. ಹೊರದಬ್ಬಲು ಅದು ತನ್ನ ಅಂಚಿನಲ್ಲಿ ತಾನೇ ಒಂದು ಪ್ರವಾಹವನ್ನು ಹುಟ್ಟಿಸಿಕೊಳ್ಳುತ್ತದೆ. ಬ್ಯಾಟರಿ ಬೇಡ, ತಂತಿ ಬೇಡ. ತಂಪಾಗಿ ಇಟ್ಟಷ್ಟು ಕಾಲ ಅದು ಹರಿಯುತ್ತಲೇ ಇರುತ್ತದೆ.

ಅತಿವಾಹಕಕ್ಕೂ ಅಯಸ್ಕಾಂತಕ್ಕೂ ಹಳೆಯ ಹಗೆ. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಓಡಾಡುತ್ತವೆ ಎಂದು 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ತೋರಿಸಿಕೊಟ್ಟರು. ಸಾಮಾನ್ಯವಾಗಿ ಒಂದು ಜೋಡಿಯ ಎರಡು ಎಲೆಕ್ಟ್ರಾನುಗಳ ಸ್ಪಿನ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿನವು. ಅಯಸ್ಕಾಂತವಾದರೋ ಎಲ್ಲ ಸ್ಪಿನ್‌ಗಳನ್ನೂ ಒಂದೇ ಕಡೆ ತಿರುಗಿಸಲು ನೋಡುತ್ತದೆ. ಹೀಗೆ ಒಬ್ಬರ ಮನೆ ಒಡೆಯುವುದೇ ಇನ್ನೊಬ್ಬರ ಸ್ವಭಾವ. ಆದರೆ ಇಬ್ಬರನ್ನೂ ತೆಳುವಾದ ಪದರಗಳಾಗಿ ಒಂದರ ಮೇಲೊಂದು ಕೂರಿಸಿದರೆ, ಒಬ್ಬರೇ ಇದ್ದಾಗ ನಡೆಯದ ಸಂಗತಿಗಳು ನಡೆಯುತ್ತವೆ. ಅದರಲ್ಲೊಂದು ಅತಿವಾಹಕ ಡಯೋಡ್: ಒಂದು ದಿಕ್ಕಿಗೆ ರೋಧವಿಲ್ಲದೆ ಸಾಗುವ ಅಷ್ಟೇ ಪ್ರವಾಹ ಇನ್ನೊಂದು ದಿಕ್ಕಿಗೆ ಹರಿಸಿದರೆ ರೋಧ ಕಾಣಿಸಿಕೊಳ್ಳುತ್ತದೆ. 2020ರಲ್ಲಿ ಜಪಾನಿನ ಸಂಶೋಧಕರು ಲೋಹಗಳ ಪದರಗಳಲ್ಲಿ, ಹೊರಗಿನ ಕಾಂತಕ್ಷೇತ್ರದ ನೆರವಿನಿಂದ ಇದನ್ನು ತೋರಿಸಿದ ಮೇಲೆ ಈ ಕ್ಷೇತ್ರಕ್ಕೆ ಜಾತ್ರೆಯ ಕಳೆ ಬಂತು. ನಾನು ಪಿಎಚ್‌ಡಿಗೆ ಸೇರಿದ್ದೂ ಆ ಜಾತ್ರೆಯಲ್ಲೇ.

ನಾನು ಕೆಲಸ ಮಾಡುವುದು ನಯೋಬಿಯಂ ಮತ್ತು ಯುರೋಪಿಯಂ ಸಲ್ಫೈಡ್ ಎಂಬ ಜೋಡಿಯ ಮೇಲೆ. ಯುರೋಪಿಯಂ ಸಲ್ಫೈಡ್ ಸುಮಾರು 16 ಕೆಲ್ವಿನ್‌ನಿಂದ ಕೆಳಗೆ ಅಯಸ್ಕಾಂತವಾಗುತ್ತದೆ. ನಯೋಬಿಯಂ ಸುಮಾರು 9 ಕೆಲ್ವಿನ್‌ನಿಂದ ಕೆಳಗೆ ಅತಿವಾಹಕವಾಗುತ್ತದೆ. ಇಂಥ ಪದರಗಳಲ್ಲಿ ಡಯೋಡ್ ಗುಣ ಯಾಕೆ ಬರುತ್ತದೆ ಎಂಬುದಕ್ಕೆ ಒಂದು ವಿವರಣೆ ಹೀಗಿದೆ: ಅಯಸ್ಕಾಂತದ ಅಂಚಿನಿಂದ ಚೆಲ್ಲುವ ಕ್ಷೇತ್ರವನ್ನು ತಡೆಯಲು ನಯೋಬಿಯಂ ತನ್ನ ಅಂಚಿನಲ್ಲಿ ಪ್ರವಾಹ ಹುಟ್ಟಿಸಿಕೊಳ್ಳುತ್ತದೆ. ನಾವು ಹೊರಗಿನಿಂದ ಹರಿಸುವ ಪ್ರವಾಹ ಒಂದು ದಿಕ್ಕಿನದಾದರೆ ಆ ಅಂಚಿನಲ್ಲಿ ಅದರ ಜೊತೆ ಕೂಡುತ್ತದೆ, ಇನ್ನೊಂದು ದಿಕ್ಕಿನದಾದರೆ ಅದರಿಂದ ಕಳೆಯುತ್ತದೆ. ಕೂಡಿದ ಕಡೆ ಕಟ್ಟೆ ಬೇಗ ಒಡೆಯುತ್ತದೆ, ಕಾಂತಸುಳಿಗಳು ಅಲ್ಲಿಂದ ಒಳನುಗ್ಗುತ್ತವೆ, ರೋಧ ಹುಟ್ಟುತ್ತದೆ. 2023ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಗುಂಪು ಇದೇ ಜೋಡಿಯ ಮೇಲೆ ಮೊನಚಾದ ಸೂಜಿಯ ತುದಿಯಲ್ಲಿ ಕಾಂತಮಾಪಕ ಕೂರಿಸಿ ಈ ಸುಳಿಗಳನ್ನು ಗಮನಿಸಿ ವರದಿ ಮಾಡಿತು. ನನ್ನ ಕೆಲಸ ಅದಕ್ಕಿಂತ ಹಿಂದಿನ ಹೆಜ್ಜೆಯದು. ನಾವೇನೂ ಹರಿಸದಿದ್ದಾಗ ತಾನಾಗಿ ಹರಿಯುತ್ತಿರುವ ಅಂಚಿನ ಪ್ರವಾಹವನ್ನು ‘ನೋಡುವುದು’.

ನೋಡುವುದು ಹೇಗೆ? ನಮ್ಮಲ್ಲಿರುವುದು ಸ್ಕ್ವಿಡ್ ಎಂಬ ಉಪಕರಣ. ಬ್ರಯನ್ ಜೋಸೆಫ್‌ಸನ್ ತನ್ನ ಇಪ್ಪತ್ತೆರಡನೇ ವಯಸ್ಸಿನಲ್ಲಿ, 1962ರಲ್ಲಿ ಕಾಗದದ ಮೇಲೆ ಊಹಿಸಿದ ಪರಿಣಾಮವೊಂದನ್ನು ಬಳಸುವ ಪುಟ್ಟ ಅತಿವಾಹಕ ಬಳೆ. ತನ್ನೊಳಗೆ ಹಾದುಹೋಗುವ ಕಾಂತಕ್ಷೇತ್ರದ ಅತಿಸಣ್ಣ ಏರಿಳಿತಕ್ಕೂ ಅದು ಮಿಡಿಯುತ್ತದೆ. ಅದನ್ನು ಪದರದ ಮೇಲೆ ಸುಮಾರು ಒಂದು ಮೈಕ್ರೋಮೀಟರ್ ಎತ್ತರದಲ್ಲಿ ಸಾಲುಸಾಲಾಗಿ, ಉತ್ತ ಹೊಲದಲ್ಲಿ ನಡೆದಂತೆ ನಡೆಸುತ್ತೇವೆ. ಒಂದು ಚಿತ್ರಕ್ಕೆ ಒಂದು ರಾತ್ರಿ ಬೇಕು. ಬೆಳಿಗ್ಗೆ ಕೈಗೆ ಸಿಗುವುದು ಪ್ರವಾಹದ ಚಿತ್ರವಲ್ಲ, ಪ್ರವಾಹದ ಮೇಲಿನ ಗಾಳಿಯಲ್ಲಿರುವ ಕಾಂತಕ್ಷೇತ್ರದ ನಕ್ಷೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಇಂಥ ಕ್ಷೇತ್ರ ಬರಬೇಕಾದರೆ ಕೆಳಗೆ ಎಂಥ ಪ್ರವಾಹ ಹರಿಯುತ್ತಿರಬೇಕು ಎಂದು ಕಂಡುಕೊಳ್ಳಬೇಕು. ಒಂದೇ ತೆಳು ಪದರದಲ್ಲಿ ಹರಿಯುವ ಪ್ರವಾಹಕ್ಕಾದರೆ ಈ ಲೆಕ್ಕಕ್ಕೆ ತಾತ್ವಿಕವಾಗಿ ಒಂದೇ ಉತ್ತರ. ಆದರೆ ಆ ಉತ್ತರಕ್ಕೆ ಹೋಗುವ ದಾರಿಯಲ್ಲಿ ಎರಡು ಕಡೆ ನಾನು ನನ್ನ ಕೈಯಿಂದ ಒಂದು ತೀರ್ಮಾನ ಮಾಡಬೇಕು.

ಮೊದಲನೆಯದು ನುಣುಪಿನ ತೀರ್ಮಾನ. ಕಾಂತಕ್ಷೇತ್ರದ ಸೂಕ್ಷ್ಮ ವಿವರಗಳು ಎತ್ತರಕ್ಕೆ ಏರಿದಂತೆ ಬಹುಬೇಗ ಮಾಸುತ್ತವೆ. ಪದರದಲ್ಲಿ ಒಂದು ಮೈಕ್ರೋಮೀಟರಿಗೆ ಒಮ್ಮೆ ಮರುಕಳಿಸುವ ಏರಿಳಿತ, ಒಂದು ಮೈಕ್ರೋಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ ಐನೂರಕ್ಕೂ ಹೆಚ್ಚು ಪಟ್ಟು ಕ್ಷೀಣವಾಗಿರುತ್ತದೆ. ಅದರರ್ಧದಷ್ಟು ಸೂಕ್ಷ್ಮವಾದದ್ದು ಎರಡೂವರೆ ಲಕ್ಷಕ್ಕೂ ಹೆಚ್ಚು ಪಟ್ಟು. ಹಿಂದಕ್ಕೆ ಹೋಗುವುದೆಂದರೆ ಅಷ್ಟೇ ಪಟ್ಟು ಗುಣಿಸುವುದು. ಗುಣಿಸುವಾಗ ಉಪಕರಣದ ಗದ್ದಲವೂ ಅಷ್ಟೇ ಪಟ್ಟು ಬೆಳೆದು ಚಿತ್ರವನ್ನು ನುಂಗಿಹಾಕುತ್ತದೆ. ಆದ್ದರಿಂದ ಎಲ್ಲೋ ಒಂದು ಕಡೆ, ‘ಇದಕ್ಕಿಂತ ಸೂಕ್ಷ್ಮವಾದದ್ದು ನನಗೆ ಬೇಡ’ ಎಂದು ಗೆರೆ ಎಳೆಯಬೇಕು. ಪ್ರೋಗ್ರಾಮಿನಲ್ಲಿ ಅದೊಂದು ಸಂಖ್ಯೆ. ಆ ಸಂಖ್ಯೆ ಸಣ್ಣದಾದರೆ ಚಿತ್ರದ ತುಂಬ ಮರಳು ಎರಚಿದಂತೆ. ದೊಡ್ಡದಾದರೆ ಎಲ್ಲವೂ ಬೆಣ್ಣೆಯಂತೆ ನುಣುಪು. ನಡುವೆ ಎಲ್ಲೋ ಒಂದು ಕಡೆ ಕೆಂಡದ ಗೆರೆ ಚೆನ್ನಾಗಿ ಎದ್ದು ಕಾಣುತ್ತದೆ. ನಾನು ಅಲ್ಲಿ ನಿಲ್ಲಿಸಿದೆ.

ಎರಡನೆಯದು ಕಳೆಯುವ ತೀರ್ಮಾನ. ಕೆಳಗಿರುವ ಅಯಸ್ಕಾಂತಕ್ಕೂ ತನ್ನದೇ ಕ್ಷೇತ್ರವಿದೆ. ಅಯಸ್ಕಾಂತವೆಂದರೆ ವಸ್ತುವಿನ ಒಳಗೆ ಸುತ್ತುವ ಪುಟ್ಟ ಪುಟ್ಟ ಪ್ರವಾಹಗಳು ಎಂದು ಆಂಪಿಯರ್ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲೇ ಹೇಳಿದ್ದ. ಹೊರಗಿನಿಂದ ಅಳೆಯುವವರಿಗೆ ಇವತ್ತಿಗೂ ಆ ಮಾತು ಒಂದು ತಲೆನೋವು: ಕ್ಷೇತ್ರದ ನಕ್ಷೆಯೊಂದನ್ನೇ ಹಿಡಿದು, ಇದರಲ್ಲಿ ಎಷ್ಟು ಅಯಸ್ಕಾಂತದ್ದು, ಎಷ್ಟು ಅತಿವಾಹಕದ ಪ್ರವಾಹದ್ದು ಎಂದು ಹೇಳಲು ಬರುವುದಿಲ್ಲ. ಅಯಸ್ಕಾಂತವನ್ನು ತಲೆಕೆಳಗು ಮಾಡಿದರೆ ಅದು ಹುಟ್ಟಿಸುವ ಅಂಚಿನ ಪ್ರವಾಹವೂ ಜೊತೆಗೇ ತಿರುಗಿಬಿಡುತ್ತದೆ. ಹಾಗಾಗಿ ಅದರಿಂದಲೂ ಇಬ್ಬರನ್ನು ಬೇರೆ ಮಾಡಲಾಗದು. ನಾನು ಮಾಡಿದ್ದು ಇಷ್ಟು: 10 ಕೆಲ್ವಿನ್‌ನಲ್ಲಿ ಒಂದು ನಕ್ಷೆ. ಆಗ ನಯೋಬಿಯಂ ಇನ್ನೂ ಅತಿವಾಹಕವಲ್ಲ, ಕ್ಷೇತ್ರವೆಲ್ಲ ಅಯಸ್ಕಾಂತದ್ದೇ. ಆಮೇಲೆ 4.2 ಕೆಲ್ವಿನ್‌ನಲ್ಲಿ ಇನ್ನೊಂದು. ತಂಪಾದಂತೆ ಅಯಸ್ಕಾಂತ ಬಲವಾಗುವುದರಿಂದ ಮೊದಲ ನಕ್ಷೆಯನ್ನು ಒಂದು ಸಂಖ್ಯೆಯಿಂದ ಗುಣಿಸಿ, ಎರಡನೆಯದರಿಂದ ಕಳೆದೆ. ಉಳಿದದ್ದು ಕೆಂಡದ ಗೆರೆ.

ಗುಂಪಿನ ಸಭೆಯಲ್ಲಿ ಅದನ್ನು ತೋರಿಸಿದ ದಿನ ಎಲ್ಲರಿಗೂ ಸಂತೋಷವಾಯಿತು. ಸಿದ್ಧಾಂತ ಎಲ್ಲಿ ಇರಬೇಕೆಂದು ಹೇಳಿತ್ತೋ ಅಲ್ಲೇ ಗೆರೆ ಇತ್ತು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದು ಅವತ್ತೇ. ಕೊನೆಗೆ, ಸೇರಿ ಎರಡು ತಿಂಗಳೂ ಆಗಿರದ ಜೂನಿಯರ್ ಹುಡುಗಿಯೊಬ್ಬಳು ಕೇಳಿದಳು: ‘ಅಕ್ಕಾ, ತಂಪಾಗುವಾಗ ಅಯಸ್ಕಾಂತ ಬರೀ ಜೋರಾಗುತ್ತೆ, ಅದರ ವಿನ್ಯಾಸ ಬದಲಾಗಲ್ಲ ಅಂತ ನಮಗೆ ಹೇಗೆ ಗೊತ್ತು?’

ಗೊತ್ತಿರಲಿಲ್ಲ. ಒಂದೇ ಸಂಖ್ಯೆಯಿಂದ ಇಡೀ ನಕ್ಷೆಯನ್ನು ಗುಣಿಸಿದಾಗ, ಅಯಸ್ಕಾಂತ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಬೆಳೆಯುತ್ತದೆ ಎಂದು ನಾನು ಒಪ್ಪಿಕೊಂಡಿದ್ದೆ. ಅಂಚಿನಲ್ಲಿ ಅದು ಬೇರೆ ರೀತಿ ವರ್ತಿಸಿದರೆ, ಆ ವ್ಯತ್ಯಾಸ ಕಳೆಯದೆ ಉಳಿದು ಕೆಂಡದ ಗೆರೆಯಾಗಿ ಕಾಣಿಸುತ್ತದೆ. ಅಂದರೆ ನಾನು ಪ್ರವಾಹ ಎಂದು ಕರೆದದ್ದು ನನ್ನ ಕಳೆಯುವಿಕೆಯ ಉಳಿಕೆಯೂ ಆಗಿರಬಹುದು. ‘ಸಣ್ಣ ತಿದ್ದುಪಡಿ ಇರಬಹುದು, ನೋಡ್ತೀನಿ’ ಎಂದು ಹೇಳಿ ಲ್ಯಾಪ್‌ಟಾಪ್ ಮುಚ್ಚಿದೆ.

ಆ ರಾತ್ರಿ ನನಗೆ ನೆನಪಾದದ್ದು ಊರಿನ ನಮ್ಮ ಹೊಲ. ನಮ್ಮದು ಮಧುಗಿರಿ ಕಡೆಯ ಹಳ್ಳಿ. ನೀರು ನೋಡುವುದು ಅಲ್ಲಿ ದಿನನಿತ್ಯದ ಮಾತು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಮೊದಲ ಬೋರ್‌ವೆಲ್ ಕೊರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರೊಬ್ಬರು ಬಂದು, ಕಾಯಿ ಎದ್ದು ನಿಂತ ಜಾಗ ತೋರಿಸಿದರು. ನೀರು ಬರಲಿಲ್ಲ. ಅಪ್ಪ ಅವರನ್ನು ಬೈಯಲಿಲ್ಲ. ಅವರ ಮೇಲೆ ಅಪ್ಪನಿಗೆ ಪೂರ್ತಿ ನಂಬಿಕೆ ಇರಲೇ ಇಲ್ಲ, ಸಾಲವನ್ನೂ ಆ ಅಳತೆಗೆ ತಕ್ಕಂತೆಯೇ ಮಾಡಿದ್ದರು. ಎರಡು ವರ್ಷದ ಮೇಲೆ ಯಂತ್ರದವರು ಬಂದರು. ನೆಲಕ್ಕೆ ಕಬ್ಬಿಣದ ಸಲಾಕೆಗಳನ್ನು ನೆಟ್ಟು, ಕರೆಂಟು ಹಾಯಿಸಿ, ಮೇಲಿನಿಂದಲೇ ಅಳೆದು, ನೆಲದೊಳಗಿನ ಬಣ್ಣದ ಚಿತ್ರವನ್ನು ಕಾಗದದಲ್ಲಿ ಕೊಟ್ಟರು. ಚಿತ್ರದಲ್ಲಿ ನೀರು ನೀಲಿಯಾಗಿ ಕಾಣುತ್ತಿತ್ತು. ಅಪ್ಪ ಆ ಕಾಗದವನ್ನು ದೇವರ ಮನೆಯಲ್ಲಿಟ್ಟು, ಈ ಸಲ ಧೈರ್ಯವಾಗಿ ದೊಡ್ಡ ಸಾಲ ಮಾಡಿದರು. ಆರುನೂರು ಅಡಿ ದಾಟಿದರೂ ಬಿಳಿ ಪುಡಿಯೇ ಬಂತು. ಅಮ್ಮನ ಸರ ಹೋದದ್ದು ಆ ಎರಡನೆಯ ಕೊಳವೆಯಲ್ಲಿ.

ಆ ಯಂತ್ರದವರು ಮಾಡಿದ್ದೂ ನಾನು ಮಾಡುವುದೂ ಗಣಿತದ ದೃಷ್ಟಿಯಿಂದ ಒಂದೇ ಮನೆತನದ್ದು ಎಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು. ಮೇಲೆ ಅಳೆದು ಕೆಳಗಿರುವುದನ್ನು ಲೆಕ್ಕ ಹಾಕುವುದು. ಅಲ್ಲೂ ಒಂದು ನುಣುಪಿನ ಸಂಖ್ಯೆ ಇರುತ್ತದೆ, ಅಲ್ಲೂ ಬೇರೆ ಬೇರೆ ನೆಲಗಳು ಒಂದೇ ಅಳತೆ ಕೊಡಬಹುದು. ಅವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಬಹುಶಃ ಪ್ರಾಮಾಣಿಕವಾಗಿಯೇ ಲೆಕ್ಕ ಹಾಕಿದ್ದರು. ಆದರೆ ಅವರು ಕೊಟ್ಟ ಚಿತ್ರದಲ್ಲಿ ‘ಇರಬಹುದು’ ಎಂಬುದಕ್ಕೆ ಬಣ್ಣವಿರಲಿಲ್ಲ.

ಇಲ್ಲಿ ಒಂದು ಸುಲಭದ ತೀರ್ಮಾನವಿದೆ, ಅದನ್ನು ನಾನು ಒಪ್ಪುವುದಿಲ್ಲ. ‘ಹಾಗಾದರೆ ನೀವು ನೋಡುವುದೇ ಇಲ್ಲ, ಊಹಿಸುತ್ತೀರಿ ಅಷ್ಟೆ’ ಎಂಬುದು. ನಮ್ಮ ನ್ಯಾಯದರ್ಶನ ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆ ಬೇರೆ ಪ್ರಮಾಣಗಳೆಂದು ಎಣಿಸಿತು ನಿಜ. ಆದರೆ ಅನುಮಾನವನ್ನು ಕೀಳು ಎಂದು ತಳ್ಳಲಿಲ್ಲ, ಅದಕ್ಕೆ ನಿಯಮ ಹಾಕಿತು. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿ ಇದೆ ಎನ್ನಬಹುದು. ಬೆಂಕಿ ಕಂಡು ಹೊಗೆ ಇದೆ ಎನ್ನಬಾರದು. ಅದಕ್ಕೆ ಹಸಿ ಸೌದೆ ಎಂಬ ಒಳಗಿನ ಷರತ್ತು ಬೇಕು. ಆ ಬಚ್ಚಿಟ್ಟ ಷರತ್ತಿಗೆ ‘ಉಪಾಧಿ’ ಎಂದು ಹೆಸರು. ನನ್ನ ಅನುಮಾನದ ಉಪಾಧಿ ‘ಅಯಸ್ಕಾಂತದ ವಿನ್ಯಾಸ ಬದಲಾಗದಿದ್ದರೆ’ ಎಂಬುದು. ಉಪಾಧಿ ಇರುವುದು ನನ್ನ ತಪ್ಪಲ್ಲ. ಅದಿಲ್ಲದೆ ಈ ಕೆಲಸವೇ ನಡೆಯದು. ಅದನ್ನು ಶೀರ್ಷಿಕೆಯಿಂದ ಅಳಿಸಿ, ‘ಹರಿಯುತ್ತಿರುವ ಪ್ರವಾಹ’ ಎಂದು ಬರೆದದ್ದು ನನ್ನ ತಪ್ಪು.

ಇಯಾನ್ ಹ್ಯಾಕಿಂಗ್ ಎಂಬ ತತ್ವಜ್ಞಾನಿ 1983ರ ತನ್ನ ಪುಸ್ತಕದಲ್ಲಿ ಸೂಕ್ಷ್ಮದರ್ಶಕದ ಬಗ್ಗೆ ಒಂದು ಒಳ್ಳೆಯ ವಾದ ಮಾಡುತ್ತಾನೆ. ನಾವು ಸೂಕ್ಷ್ಮದರ್ಶಕದ ಮೂಲಕ ನೋಡಲು ಕಲಿಯುವುದು ಬರೀ ಇಣುಕಿ ಅಲ್ಲ, ಕೈ ಹಾಕಿ, ಕೆದಕಿ, ಬದಲಾಯಿಸಿ. ಬೇರೆ ಬೇರೆ ಭೌತಿಕ ತತ್ವಗಳ ಮೇಲೆ ನಡೆಯುವ ಉಪಕರಣಗಳಲ್ಲಿ ಒಂದೇ ರಚನೆ ಕಂಡರೆ ಅದು ಉಪಕರಣದ ಸೃಷ್ಟಿಯಲ್ಲ ಎಂದು ನಂಬಲು ಕಾರಣ ಸಿಗುತ್ತದೆ. ನನಗೆ ಈ ಮಾತು ಸಮಾಧಾನ ಕೊಟ್ಟಿತು. ಹಾಗಾದರೆ ಕೈ ಹಾಕಬೇಕು.

ಕೈ ಹಾಕುವುದೆಂದರೆ ಹೀಲಿಯಂ, ಸರದಿ, ಸಮಯ. ಜೂನಿಯರ್ ಹುಡುಗಿ ಮತ್ತು ನಾನು ಸೇರಿ ನಯೋಬಿಯಂ ಇಲ್ಲದ, ಬರೀ ಯುರೋಪಿಯಂ ಸಲ್ಫೈಡ್‌ನ ಅದೇ ಅಳತೆಯ ಪಟ್ಟಿಯೊಂದನ್ನು ಮಾಡಿದೆವು. ಅದೇ 10 ಕೆಲ್ವಿನ್, ಅದೇ 4.2 ಕೆಲ್ವಿನ್, ಅದೇ ಗುಣಾಕಾರ, ಅದೇ ಕಳೆಯುವಿಕೆ. ಅಲ್ಲಿ ಅತಿವಾಹಕವೇ ಇಲ್ಲ. ನನ್ನ ಊಹೆ ಸರಿಯಿದ್ದರೆ ಗೆರೆ ಕಾಣಬಾರದು. ಆ ರಾತ್ರಿ ಇಬ್ಬರೂ ಲ್ಯಾಬಿನಲ್ಲೇ ಇದ್ದೆವು. ಬೆಳಗಿನ ಜಾವ ಪರದೆಯ ಮೇಲೆ ಗೆರೆ ಬಂತು. ಮೊದಲಿನದಕ್ಕಿಂತ ಮಸುಕು, ಆದರೆ ಅದೇ ಅಂಚಿನಲ್ಲಿ. ಅವಳು ಏನೂ ಮಾತಾಡಲಿಲ್ಲ. ನಾನು ಹೋಗಿ ಇಬ್ಬರಿಗೂ ಟೀ ತಂದೆ.

ಅಂದರೆ ನನ್ನ ಕೆಂಡದ ಗೆರೆಯಲ್ಲಿ ಒಂದು ಪಾಲು ಅಯಸ್ಕಾಂತದ್ದು. ಉಳಿದ ಪಾಲು ಪ್ರವಾಹದ್ದಿರಬಹುದು. ‘ಇರಬಹುದು’ ಏಕೆಂದರೆ ಮೇಲೆ ನಯೋಬಿಯಂ ಇದ್ದಾಗ ಕೆಳಗಿನ ಅಯಸ್ಕಾಂತ ಬರೀ ಪಟ್ಟಿಯಲ್ಲಿದ್ದಂತೆಯೇ ಇರುತ್ತದೆ ಎಂಬುದೂ ಮತ್ತೊಂದು ಉಪಾಧಿ. ನಯೋಬಿಯಂ ಅತಿವಾಹಕವಾಗುವ ಗಡಿಯ ಎರಡೂ ಬದಿಗೆ, ತೀರ ಹತ್ತಿರದ ಉಷ್ಣತೆಗಳಲ್ಲಿ ಅಳೆದರೆ ಅಯಸ್ಕಾಂತ ಹೆಚ್ಚು ಬದಲಾಗುವುದಿಲ್ಲ. ಆದರೆ ಅಲ್ಲಿ ಅತಿವಾಹಕವೂ ದುರ್ಬಲ, ಅದರ ಪ್ರವಾಹವೂ ಕ್ಷೀಣ. ಒಂದು ಅನುಮಾನವನ್ನು ಗಟ್ಟಿ ಮಾಡಲು ಹೋದರೆ ಇನ್ನೊಂದು ಸಡಿಲವಾಗುತ್ತದೆ.

ಗೈಡ್‌ಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಅವರು ಹೇಳಿದ ಮಾತಿನಲ್ಲಿ ಲೋಕಜ್ಞಾನವಿತ್ತು: ‘ಅಂಚಿನಲ್ಲಿ ಪ್ರವಾಹ ಇದೆ ಎನ್ನುವುದು ನಿಜ. ನಿನ್ನ ಮುಖ್ಯ ತೀರ್ಮಾನ ತಪ್ಪಲ್ಲ. ಎಲ್ಲ ಅನುಮಾನಗಳನ್ನೂ ಮೊದಲ ಪುಟಕ್ಕೆ ತಂದರೆ ಯಾರೂ ಓದುವುದಿಲ್ಲ, ಅನುಬಂಧದಲ್ಲಿ ಹಾಕು.’ ನನ್ನ ಫೆಲೋಶಿಪ್ ಮುಗಿಯಲು ಆಗ ಐದು ತಿಂಗಳಿತ್ತು. ಸುಳ್ಳು ಹೇಳು ಎಂದು ಅವರು ಹೇಳಿರಲಿಲ್ಲ. ಸತ್ಯವನ್ನು ಎಲ್ಲಿಡಬೇಕು ಎಂದಷ್ಟೇ ಹೇಳಿದ್ದರು. ಸುಳ್ಳು ಹೇಳಬಾರದು ಎಂಬ ಒಂದು ಸಾಲಿನ ನೀತಿಯಿಂದ ಇದು ತೀರುವುದಿಲ್ಲವಲ್ಲ ಎಂದು ನಾಲ್ಕು ದಿನ ಒದ್ದಾಡಿದೆ. ಅನುಬಂಧದ ಹದಿನೇಳನೇ ಪುಟದಲ್ಲಿರುವ ಸತ್ಯವೂ ಸತ್ಯವೇ. ಹಾಗಾದರೆ ನನಗೇಕೆ ಮುಜುಗರ?

ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ಬೋರ್‌ವೆಲ್ ಮಾತು ತೆಗೆದೆ. ಯಂತ್ರದವರ ಮೇಲೆ ಈಗಲೂ ಸಿಟ್ಟಿದೆಯಾ ಎಂದು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ನೀರು ಬರಲಿಲ್ಲ ಅಂತ ಸಿಟ್ಟಿಲ್ಲ ಕಣವ್ವಾ. ಭೂಮಿ ಒಳಗಿಂದು ಯಾರಿಗೆ ಗೊತ್ತು. ಎಷ್ಟು ಖಾತ್ರಿ ಅಂತ ಒಂದು ಮಾತು ಹೇಳಿದ್ರೆ, ಎಷ್ಟು ಸಾಲ ಮಾಡಬೇಕು ಅಂತ ನಾನೇ ತೀರ್ಮಾನ ಮಾಡ್ತಿದ್ದೆ. ಆ ತೀರ್ಮಾನ ಅವರೇ ಮಾಡಿಬಿಟ್ರು.’

ನಾಲ್ಕು ದಿನ ಹುಡುಕುತ್ತಿದ್ದ ಮಾತು ಅದೇ ಆಗಿತ್ತು. ನನಗಿರುವ ಅನುಮಾನ ನನ್ನ ದೌರ್ಬಲ್ಯವಲ್ಲ, ಹಾಗಾಗಿ ಮುಚ್ಚಿಡಬೇಕಾದದ್ದೂ ಅಲ್ಲ. ನನ್ನ ಚಿತ್ರವನ್ನು ನಂಬಿ ಮುಂದೆ ಯಾರು ಖರ್ಚು ಮಾಡುತ್ತಾರೋ ಅದು ಅವರಿಗೆ ಸೇರಿದ್ದು. ನನ್ನ ಗೆರೆ ನಂಬಿಕೊಂಡು ಎಲ್ಲೋ ಒಬ್ಬ ವಿದ್ಯಾರ್ಥಿ ತನ್ನ ಪಿಎಚ್‌ಡಿಯ ಎರಡು ವರ್ಷ ಹೂಡಬಹುದು. ಆ ಎರಡು ವರ್ಷ ಅವನ ಸಾಲ. ಎಷ್ಟು ಹೂಡಬೇಕೆಂದು ಅವನು ತೀರ್ಮಾನಿಸುವುದು ಚಿತ್ರ ನೋಡಿದ ಕ್ಷಣದಲ್ಲಿ. ಹದಿನೇಳನೇ ಪುಟದಲ್ಲಿ ಸತ್ಯವನ್ನಿಟ್ಟರೆ, ಅದು ಅವನ ಕೈಗೆ ಸಿಗುವಷ್ಟರಲ್ಲಿ ಕೊಳವೆ ಆರುನೂರು ಅಡಿ ದಾಟಿರುತ್ತದೆ.

ಇದರಿಂದ ನೋಡುವುದರ ಬೆಲೆ ಕಡಿಮೆಯಾಯಿತು ಎಂದು ನನಗನ್ನಿಸುವುದಿಲ್ಲ. ಕೈಗೆ ಸಿಗದ, ಸದ್ದಿಲ್ಲದ, ಮೈನಸ್ 269 ಡಿಗ್ರಿಯಲ್ಲಿ ತನ್ನಷ್ಟಕ್ಕೆ ತಾನು ಹರಿಯುತ್ತಿರುವ ಒಂದು ಪ್ರವಾಹದ ಹತ್ತಿರಕ್ಕೆ ಮನುಷ್ಯರು ಇಷ್ಟಾದರೂ ಹೋಗಬಲ್ಲರು ಎಂಬುದು ನನಗೆ ಇವತ್ತಿಗೂ ಬೆರಗಿನ ಸಂಗತಿ. ಆ ಬೆರಗಿನಲ್ಲೇ ನಾನು ಅವತ್ತು ನುಣುಪಿನ ಸಂಖ್ಯೆಯನ್ನು ಗೆರೆ ಚೆಂದ ಕಂಡಲ್ಲಿ ನಿಲ್ಲಿಸಿದ್ದು. ಚೆಂದ ಕಂಡದ್ದು ತಪ್ಪಲ್ಲ. ಸಿದ್ಧಾಂತ ಹೇಳಿದ ಜಾಗದಲ್ಲಿ ಗೆರೆ ಬಂದ ಮೇಲೆ ನಾನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದೆ. ಬೇರೆ ಜಾಗದಲ್ಲಿ ಬಂದಿದ್ದರೆ ಆ ಬರೀ ಪಟ್ಟಿಯನ್ನು ಮರುದಿನವೇ ಮಾಡಿರುತ್ತಿದ್ದೆ.

ನಮ್ಮ ಪ್ರಬಂಧದ ಮೊದಲ ಚಿತ್ರ ಈಗ ಮೂರು ತುಂಡುಗಳದ್ದು. ಅಳೆದ ಕ್ಷೇತ್ರ, ಕಳೆದ ಅಯಸ್ಕಾಂತ, ಉಳಿದ ಗೆರೆ. ಪಕ್ಕದಲ್ಲೇ ನಯೋಬಿಯಂ ಇಲ್ಲದ ಪಟ್ಟಿಯ ಮಸುಕು ಗೆರೆ, ಅದೇ ಬಣ್ಣದ ಅಳತೆಯಲ್ಲಿ. ಕೆಂಡದ ಬಣ್ಣ ಈಗ ಅಷ್ಟು ಉರಿಯುವುದಿಲ್ಲ. ಗೈಡ್ ಒಂದು ವಾರ ಯೋಚಿಸಿ ಒಪ್ಪಿದರು. ಜೂನಿಯರ್ ಹುಡುಗಿಯ ಹೆಸರು ಲೇಖಕರ ಸಾಲಿನಲ್ಲಿ ಸೇರಿತು. ಪ್ರಬಂಧ ಒಂದು ನಿಯತಕಾಲಿಕದಿಂದ ವಾಪಸ್ಸು ಬಂದಿದೆ, ಇನ್ನೊಂದಕ್ಕೆ ಹೋಗಿದೆ. ನನ್ನ ಫೆಲೋಶಿಪ್ ಮುಗಿದಿದೆ.

ಗೋಡೆಯ ಮೇಲಿನ ಹಳೆಯ ಚಿತ್ರವನ್ನು ತೆಗೆಯಲಿಲ್ಲ. ಶೀರ್ಷಿಕೆಯನ್ನು ಮಾತ್ರ ಪೆನ್ನಿನಿಂದ ತಿದ್ದಿದೆ: ‘ಅಂಚಿನಲ್ಲಿ ಪ್ರವಾಹ ಹರಿಯುತ್ತಿದೆ ಎಂದು ನಮಗೆ ಅನ್ನಿಸಲು ಕಾರಣವಾದ ಗೆರೆ. ಇದರಲ್ಲಿ ಅಯಸ್ಕಾಂತದ ಪಾಲೂ ಇದೆ.’ ಕಳೆದ ತಿಂಗಳು ಬಂದ ಕಾಲೇಜು ಹುಡುಗರಲ್ಲಿ ಒಬ್ಬ ಅದನ್ನು ಎರಡು ಸಲ ಓದಿ, ‘ಎಷ್ಟು ಪಾಲು ಮೇಡಂ?’ ಎಂದು ಕೇಳಿದ. ಕುರ್ಚಿ ಎಳೆದು ಅವನನ್ನು ಕೂರಿಸಿಕೊಂಡು, 10 ಕೆಲ್ವಿನ್‌ನಿಂದ ಶುರು ಮಾಡಿದೆ.